ಐಕಿಡೊ ಗುರು ಮೊರಿಹೇ ಉಯೆಶಿಬಾ

ಜಪಾನ್ ಅಂದ ಕೂಡಲೇ ನಮಗೆ ಸೂರ್ಯ ಹುಟ್ಟುವ ನಾಡು, ಭೂಕಂಪ, ಹಿರೋಶಿಮಾ ಇವೆಲ್ಲ ನೆನಪಿಗೆ ಬರುತ್ತವೆ. ಕರಾಟೆ ಅಂತೂ ಎಲ್ಲರಿಗೂ ಗೊತ್ತು. ನಮ್ಮ ಕ್ಲಾಸಿನ ಹುಡುಗರು ಅದು ಬರದೇ ಇದ್ದರೂ ದಿನಾ ಒಬ್ಬರಿಗೊಬ್ಬರು ಮಾಡಿ ತೋರಿಸುತ್ತಾರೆ. ಆದರೆ ಅದೇ ದೇಶದಲ್ಲಿ ಐಕಿಡೊ ಅಂತ ಇನ್ನೊಂದು ವಿದ್ಯೆ ಇದೆ. ಅದನ್ನು ಹುಟ್ಟುಹಾಕಿದವರು ಮೊರಿಹೇ ಉಯೆಶಿಬಾ. ಅವರು ಕಲಿಸಿದ ವಿದ್ಯೆಯಲ್ಲಿ ಪಂದ್ಯವೇ ಇಲ್ಲ, ಗೆದ್ದವರಿಗೆ ಕಪ್ಪೂ ಇಲ್ಲ. ಈ ಸಲದ ಗೋಡೆ ಪತ್ರಿಕೆಗೆ ಅವರ ಜೀವನ ಚರಿತ್ರೆ ಬರೆದಿದ್ದೇನೆ. ಸ್ವಲ್ಪ ಉದ್ದವಾಗಿದೆ. ಬೆಲ್ ಹೊಡೆಯುವುದರೊಳಗೆ ಮುಗಿಯದಿದ್ದರೆ ಊಟದ ಬಿಡುವಿನಲ್ಲಿ ಬಂದು ಉಳಿದದ್ದು ಓದಿ.

ಉಯೆಶಿಬಾ ಅವರು 1883ನೇ ಇಸವಿ ಡಿಸೆಂಬರ್ 14ರಂದು ಜಪಾನಿನ ವಕಾಯಾಮ ಪ್ರಾಂತ್ಯದ ತನಾಬೆ ಎಂಬ ಊರಿನಲ್ಲಿ ಜನಿಸಿದರು. ಅದು ಸಮುದ್ರದ ದಡದ ಊರು. ಹಿಂದೆ ಕುಮಾನೊ ಎಂಬ ಬೆಟ್ಟಸಾಲು, ಅದರಲ್ಲಿ ಬಹಳ ಹಳೆಯ ದೇವಸ್ಥಾನಗಳು. ತಂದೆ ಯೊರೊಕು ಜಮೀನು ಉಳ್ಳವರು, ಊರಿನ ಪಂಚಾಯ್ತಿಯಂಥ ಸಭೆಯಲ್ಲಿ ಸದಸ್ಯರೂ ಆಗಿದ್ದರು. ತಾಯಿಯ ಹೆಸರು ಯುಕಿ. ಹೆಣ್ಣುಮಕ್ಕಳ ನಡುವೆ ಇವರೊಬ್ಬರೇ ಗಂಡು. ಅದಕ್ಕೇ ಮನೆಯಲ್ಲಿ ತುಂಬಾ ಮುದ್ದು.

ಆದರೆ ಹುಡುಗ ಯಾವಾಗಲೂ ಕಾಯಿಲೆ. ಕಡ್ಡಿಯ ಹಾಗೆ ಇದ್ದರು. ಓದುವುದರಲ್ಲಿ ಮಾತ್ರ ಆಸೆ ಜಾಸ್ತಿ. ಬೌದ್ಧ ಗುರುಗಳ ಹತ್ತಿರ ಹಳೆಯ ಗ್ರಂಥಗಳನ್ನು ಕಲಿತರು, ಲೆಕ್ಕದಲ್ಲೂ ಚುರುಕು. ಮಗ ಹೀಗೇ ಪುಸ್ತಕ ಹಿಡಿದು ಕೂತರೆ ಉಳಿಯುವುದಿಲ್ಲ ಅಂತ ತಂದೆಗೆ ಹೆದರಿಕೆಯಾಯಿತು. ಸುಮೊ ಕುಸ್ತಿಗೆ, ಸಮುದ್ರದಲ್ಲಿ ಈಜುವುದಕ್ಕೆ ಕಳಿಸಿದರು. ತಂದೆ ಊರಿನ ರಾಜಕೀಯದಲ್ಲಿ ಇದ್ದುದರಿಂದ ವಿರೋಧಿಗಳೂ ಇದ್ದರು. ಒಂದು ಸಲ ಆ ಕಡೆಯವರು ಮನೆಗೇ ನುಗ್ಗಿ ತಂದೆಯನ್ನು ಹೊಡೆದರಂತೆ. ಅದನ್ನು ನೋಡಿದ ಹುಡುಗ ತಾನು ಗಟ್ಟಿಯಾಗಲೇಬೇಕು ಅಂತ ಅವತ್ತೇ ತೀರ್ಮಾನ ಮಾಡಿದ ಎಂದು ಹೇಳುತ್ತಾರೆ.

ಮಿಡಲ್ ಸ್ಕೂಲನ್ನು ಅವರು ಅರ್ಧಕ್ಕೇ ಬಿಟ್ಟರು. ಮಣಿಚೌಕಟ್ಟಿನಲ್ಲಿ ಲೆಕ್ಕ ಮಾಡುವುದನ್ನು ಕಲಿತು ತೆರಿಗೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಆಗ ಸರ್ಕಾರ ಮೀನುಗಾರರ ಮೇಲೆ ಒಂದು ಹೊಸ ಕಾನೂನು ತಂತು. ಬಡ ಮೀನುಗಾರರಿಗೆ ಅದರಿಂದ ಕಷ್ಟ. ಉಯೆಶಿಬಾ ಸರ್ಕಾರದ ಸಂಬಳ ತಿನ್ನುತ್ತಲೇ ಮೀನುಗಾರರ ಕಡೆ ಸೇರಿಕೊಂಡು, ಕೊನೆಗೆ ಕೆಲಸ ಬಿಟ್ಟೇಬಿಟ್ಟರು. ಆಮೇಲೆ ಟೋಕಿಯೊಗೆ ಹೋಗಿ ಪುಸ್ತಕ, ಪೆನ್ನು ಇಂಥ ಸಾಮಾನಿನ ವ್ಯಾಪಾರ ಮಾಡಿದರು. ಅದೂ ಬಹಳ ದಿನ ನಡೆಯಲಿಲ್ಲ. ಬೆರಿಬೆರಿ ರೋಗ ಬಂತು. ವಿಜ್ಞಾನ ಪಾಠದಲ್ಲಿ ಬರುತ್ತದಲ್ಲ, ತೌಡು ತೆಗೆದು ಪಾಲಿಶ್ ಮಾಡಿದ ಅಕ್ಕಿಯನ್ನೇ ಉಂಡರೆ ಬಿ1 ಜೀವಸತ್ವ ಸಾಲದೆ ಬರುವ ಕಾಯಿಲೆ, ಅದೇ. ವಾಪಸ್ ಊರಿಗೆ ಬಂದರು. ಹತ್ಸು ಎಂಬ ಹುಡುಗಿಯ ಜೊತೆ ಮದುವೆಯಾಯಿತು.

ಅಷ್ಟರಲ್ಲಿ ರಷ್ಯಾಕ್ಕೂ ಜಪಾನಿಗೂ ಯುದ್ಧ ಆಗುವ ಹಾಗೆ ಕಾಣುತ್ತಿತ್ತು. ಉಯೆಶಿಬಾ ಸೈನ್ಯಕ್ಕೆ ಸೇರಲು ಹೋದರೆ ಎತ್ತರ ಸಾಲದು ಅಂತ ವಾಪಸ್ ಕಳಿಸಿದರು. ಅವರ ಎತ್ತರ ಐದು ಅಡಿ ಎರಡು ಅಂಗುಲವೂ ಇರಲಿಲ್ಲ. ಅವರು ಮಾಡಿದ ಉಪಾಯ ಕೇಳಿ. ಕಾಡಿಗೆ ಹೋಗಿ ಕಾಲಿಗೆ ಭಾರ ಕಟ್ಟಿಕೊಂಡು ಮರದ ಕೊಂಬೆಗೆ ನೇತಾಡುತ್ತಿದ್ದರಂತೆ, ಬೆನ್ನು ಉದ್ದ ಆಗಲಿ ಅಂತ! ಬೆನ್ನು ನಿಜವಾಗಿ ಎಷ್ಟು ಉದ್ದವಾಯಿತೋ ಗೊತ್ತಿಲ್ಲ, ಆದರೆ ಮುಂದಿನ ಸಲ 1903ರಲ್ಲಿ ಅವರನ್ನು ತೆಗೆದುಕೊಂಡರು. 1904-05ರ ಯುದ್ಧದಲ್ಲಿ ಮಂಚೂರಿಯಾಕ್ಕೂ ಹೋಗಿ ಬಂದರು. ಸೈನ್ಯದಲ್ಲಿದ್ದಾಗಲೇ ಬಿಡುವು ಸಿಕ್ಕಾಗ ಜುಜುತ್ಸು ಎಂಬ ಹಳೆಯ ಕೈಕಾಳಗದ ವಿದ್ಯೆ ಕಲಿಯುತ್ತಿದ್ದರು. ಊರಿಗೆ ಬಂದ ಮೇಲೆ ತಂದೆ ತಮ್ಮ ಜಮೀನಿನಲ್ಲೇ ಅಭ್ಯಾಸಕ್ಕೆ ಜಾಗ ಮಾಡಿಸಿ ಜೂಡೊ ಕಲಿಸಲು ಮೇಷ್ಟ್ರನ್ನೂ ಕರೆಸಿದರು. ಎಂಥಾ ಅಪ್ಪ ನೋಡಿ!

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಆಗ ಸರ್ಕಾರ ಸಣ್ಣ ಸಣ್ಣ ಗುಡಿಗಳನ್ನೆಲ್ಲ ಸೇರಿಸಿ ಒಂದು ಮಾಡಲು ಹೊರಟಿತ್ತು. ಗುಡಿ ಹೋದರೆ ಅದರ ಸುತ್ತ ಇರುವ ದೇವರ ಕಾಡೂ ಹೋಗುತ್ತದೆ, ಮರ ಕಡಿದು ಮಾರುತ್ತಾರೆ. ಅದೇ ತನಾಬೆಯಲ್ಲಿ ಮಿನಾಕಾತಾ ಕುಮಾಗುಸು ಎಂಬ ದೊಡ್ಡ ವಿಜ್ಞಾನಿ ಇದ್ದರು. ಅವರು ಇದನ್ನು ವಿರೋಧಿಸಿ ಚಳವಳಿ ಮಾಡಿದಾಗ ಉಯೆಶಿಬಾ ಅವರ ಜೊತೆ ನಿಂತರು. ಹೀಗೆ ಅವರು ಬರೀ ತೋಳಿನ ಬಲದವರಲ್ಲ.

1912ರಲ್ಲಿ ಅವರ ಬದುಕು ಬೇರೆ ದಾರಿ ಹಿಡಿಯಿತು. ಜಪಾನಿನ ಉತ್ತರದ ತುದಿಯಲ್ಲಿ ಹೊಕ್ಕೈಡೊ ಎಂಬ ದೊಡ್ಡ ದ್ವೀಪ ಇದೆ. ವಿಪರೀತ ಚಳಿ, ಎಲ್ಲೆಲ್ಲೂ ಹಿಮ. ಅಲ್ಲಿ ಹೋಗಿ ಕಾಡು ಕಡಿದು ಸಾಗುವಳಿ ಮಾಡುವವರಿಗೆ ಸರ್ಕಾರ ಜಮೀನು ಕೊಡುತ್ತಿತ್ತು. ಉಯೆಶಿಬಾ 54 ಕುಟುಂಬಗಳ ಮುಖಂಡರಾಗಿ ಹೊರಟು ಶಿರತಾಕಿ ಎಂಬ ಜಾಗದಲ್ಲಿ ಊರು ಕಟ್ಟಿದರು. ಖರ್ಚಿಗೆ ತಂದೆಯೇ ಹಣ ಕೊಟ್ಟರು. ಮೊದಲ ವರ್ಷಗಳಲ್ಲಿ ಬೆಳೆ ಸರಿಯಾಗಿ ಕೈಗೆ ಹತ್ತಲಿಲ್ಲ. ಮರ ಕಡಿದು ಮಾರಿ ಹೊಟ್ಟೆ ಹೊರೆದರು. 1917ರಲ್ಲಿ ಬೆಂಕಿ ಬಿದ್ದು ಊರಿನ ಬಹುಪಾಲು ಸುಟ್ಟು ಹೋಯಿತು, ಮತ್ತೆ ಕಟ್ಟಿದರು. ದೊಡ್ಡ ದೊಡ್ಡ ಮರದ ಬೊಡ್ಡೆ ಕಿತ್ತೂ ಕಿತ್ತೂ ಅವರ ತೋಳು ಉಕ್ಕಿನಂತಾಯಿತು.

ಈ ಹಿಮದ ನಾಡಿನಲ್ಲೇ ಅವರಿಗೆ ಗುರು ಸಿಕ್ಕಿದ್ದು. 1915ರಲ್ಲಿ ಎಂಗರು ಎಂಬ ಪೇಟೆಗೆ ಹೋಗಿದ್ದಾಗ ಅಲ್ಲಿಯ ಒಂದು ವಸತಿಗೃಹದಲ್ಲಿ ತಾಕೆದಾ ಸೊಕಾಕು ಎಂಬವರು ಕಲಿಸುತ್ತಿದ್ದಾರೆ ಅಂತ ಗೊತ್ತಾಯಿತು. ನೋಡಿದರೆ ತಾಕೆದಾ ಇವರಿಗಿಂತಲೂ ಕುಳ್ಳು! ಐದು ಅಡಿಯೂ ಇರಲಿಲ್ಲ. ವಯಸ್ಸು 55 ದಾಟಿತ್ತು. ಆದರೂ ಕೈ ಹಿಡಿದವರು ಹಿಡಿದ ಹಾಗೇ ನೆಲಕ್ಕೆ ಬೀಳುತ್ತಿದ್ದರು. ಮರದ ಬೊಡ್ಡೆ ಕೀಳುವ ಉಯೆಶಿಬಾ ಅವರ ಬಲ ಆ ಮುದುಕರ ಮುಂದೆ ಏನೂ ನಡೆಯಲಿಲ್ಲ. ಅವರು ಮನೆಗೆ ಹೋಗುವುದನ್ನೇ ಮರೆತು ಸುಮಾರು ಒಂದು ತಿಂಗಳು ಅಲ್ಲೇ ಉಳಿದು ಕಲಿತರು. ಆ ವಿದ್ಯೆಗೆ ದೈತೊರ್ಯು ಎಂದು ಹೆಸರು.

ತಾಕೆದಾ ಸಾಮಾನ್ಯ ಗುರು ಅಲ್ಲ. ಹುಟ್ಟಿದ್ದು ಅಯಿಜು ಎಂಬ ಸೀಮೆಯ ಸಮುರಾಯ್ ಮನೆತನದಲ್ಲಿ. ಅವರು ಹುಡುಗನಾಗಿದ್ದಾಗಲೇ 1868ರಲ್ಲಿ ಅಲ್ಲಿ ದೊಡ್ಡ ಯುದ್ಧವಾಯಿತು. ಓದು ಬರಹ ಬರುತ್ತಿರಲಿಲ್ಲ, ಆದರೆ ಕಲಿತ ಪ್ರತಿಯೊಬ್ಬರ ಹೆಸರನ್ನೂ ಒಂದು ಪುಸ್ತಕದಲ್ಲಿ ಅವರಿಂದಲೇ ಬರೆಸಿ ಇಡುತ್ತಿದ್ದರು. ಯಾರನ್ನೂ ನಂಬುತ್ತಿರಲಿಲ್ಲ. ಊಟ ಕೊಟ್ಟರೆ ಮೊದಲು ಶಿಷ್ಯ ತಿಂದು ತೋರಿಸಬೇಕಿತ್ತಂತೆ, ವಿಷ ಇದ್ದರೆ ಅಂತ! ಸಿಟ್ಟು ಮೂಗಿನ ತುದಿಯಲ್ಲೇ. ಕಲಿಸಿದ್ದಕ್ಕೆ ದುಡ್ಡೂ ಚೆನ್ನಾಗಿ ತೆಗೆದುಕೊಳ್ಳುತ್ತಿದ್ದರು.

ಉಯೆಶಿಬಾ ಇಂಥವರನ್ನು ಶಿರತಾಕಿಗೆ ಕರೆದುಕೊಂಡು ಬಂದು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅಡುಗೆ ಮಾಡಿ ಬಡಿಸಿದರು, ಸ್ನಾನಕ್ಕೆ ನೀರು ಕಾಯಿಸಿದರು, ಬೆನ್ನು ಉಜ್ಜಿದರು, ಕಾಲು ಒತ್ತಿದರು. ಗುರುಕುಲದಲ್ಲಿ ಶಿಷ್ಯರು ಸೌದೆ ತರುತ್ತಿದ್ದರು ಅಂತ ನಾವು ಕಥೆಗಳಲ್ಲಿ ಓದಿದ ಹಾಗೇ. ಆದರೆ ಇವರು ಸಣ್ಣ ಹುಡುಗ ಅಲ್ಲ, 30 ವರ್ಷ ದಾಟಿದ ಊರ ಮುಖಂಡ. ಹೆಂಡತಿ ಹತ್ಸು ಅವರಿಗೆ ಎಷ್ಟು ಕೆಲಸ ಬಿದ್ದಿರಬೇಕು ಅಂತ ನನಗೆ ಅನ್ನಿಸಿತು. ಅದನ್ನು ಮಾತ್ರ ಯಾರೂ ಬರೆದಂತೆ ಕಾಣುವುದಿಲ್ಲ.

1919ರ ಕೊನೆಗೆ ತಂದೆಗೆ ಕಾಯಿಲೆ ಜೋರಾಗಿದೆ ಎಂದು ತಂತಿ ಬಂತು. ಉಯೆಶಿಬಾ ಮನೆ, ಸಾಮಾನು ಎಲ್ಲಾ ಗುರುವಿಗೆ ಬಿಟ್ಟು ಹೊರಟರು. ದಾರಿಯಲ್ಲಿ ಆಯಾಬೆ ಎಂಬ ಊರಲ್ಲಿ ದೆಗುಚಿ ಒನಿಸಬುರೊ ಎಂಬ ಧರ್ಮಗುರು ಇದ್ದಾರೆ, ಅವರು ಪ್ರಾರ್ಥನೆ ಮಾಡಿದರೆ ಕಾಯಿಲೆ ವಾಸಿಯಾಗುತ್ತದೆ ಅಂತ ಕೇಳಿ ಅಲ್ಲಿ ಇಳಿದರು. ಅಲ್ಲಿ ಕೆಲವು ದಿನ ಉಳಿದು ಊರು ತಲುಪುವ ಹೊತ್ತಿಗೆ ತಂದೆ ತೀರಿಹೋಗಿದ್ದರು. ಅದು 1920ರ ಜನವರಿ 2. ಸುಮೊಗೆ ಕಳಿಸಿದ ಅಪ್ಪ, ಮೇಷ್ಟ್ರನ್ನು ಕರೆಸಿದ ಅಪ್ಪ, ಹೊಕ್ಕೈಡೊಗೆ ದುಡ್ಡು ಕೊಟ್ಟ ಅಪ್ಪ, ಅವರ ಮುಖ ಕೊನೆಗೆ ನೋಡಲು ಆಗಲಿಲ್ಲ. ಉಯೆಶಿಬಾ ಹುಚ್ಚು ಹಿಡಿದವರ ಹಾಗೆ ಆಗಿಬಿಟ್ಟರು. ಬೆಟ್ಟ ಹತ್ತಿ ಒಬ್ಬರೇ ಕತ್ತಿ ಬೀಸುತ್ತಿದ್ದರಂತೆ.

ಸಮಾಧಾನ ಸಿಗಲಿ ಅಂತ ಅದೇ ವರ್ಷ ಸಂಸಾರ ಸಮೇತ ಆಯಾಬೆಗೆ ಹೋಗಿ ದೆಗುಚಿಯವರ ಹತ್ತಿರ ಇದ್ದರು. ಸಮಾಧಾನ ಎಲ್ಲಿ ಬಂತು? ಅದೇ 1920ರಲ್ಲಿ ಅವರ ಇಬ್ಬರು ಗಂಡುಮಕ್ಕಳೂ ಕಾಯಿಲೆಯಿಂದ ತೀರಿಕೊಂಡರು. ದೊಡ್ಡವನಿಗೆ ಮೂರು ವರ್ಷ, ಚಿಕ್ಕವನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಒಂದೇ ವರ್ಷದಲ್ಲಿ ಮನೆಯಲ್ಲಿ ಮೂರು ಸಾವು. ದೊಡ್ಡ ಮಗಳು ಒಬ್ಬಳೇ ಉಳಿದಳು. 1921ರಲ್ಲಿ ಮತ್ತೊಂದು ಗಂಡುಮಗು ಹುಟ್ಟಿತು. ಅವನೇ ಕಿಶ್ಶೊಮಾರು. ಅವನ ವಿಷಯ ಮುಂದೆ ಬರುತ್ತದೆ.

ಆಯಾಬೆಯಲ್ಲಿ ಹೊಲದ ಕೆಲಸ, ಪ್ರಾರ್ಥನೆ, ಜೊತೆಗೆ ತಮ್ಮ ವಿದ್ಯೆಯನ್ನು ಅಲ್ಲಿಯವರಿಗೆ ಕಲಿಸುವುದು, ಹೀಗೆ ದಿನ ಹೋಗುತ್ತಿತ್ತು. 1922ರಲ್ಲಿ ಗುರು ತಾಕೆದಾ ಹುಡುಕಿಕೊಂಡು ಬಂದು ಕೆಲವು ತಿಂಗಳು ಇದ್ದು, ಉಯೆಶಿಬಾ ಇನ್ನು ತನ್ನ ಪರವಾಗಿ ಕಲಿಸಬಹುದು ಎಂದು ಪತ್ರ ಕೊಟ್ಟು ಹೋದರು.

1924ರಲ್ಲಿ ಒಂದು ವಿಚಿತ್ರ ನಡೆಯಿತು. ದೆಗುಚಿಯವರಿಗೆ ಮಂಗೋಲಿಯಾದಲ್ಲಿ ಶಾಂತಿಯ ರಾಜ್ಯ ಕಟ್ಟುವ ಕನಸು. ಉಯೆಶಿಬಾ ಮತ್ತು ಕೆಲವರನ್ನು ಕರೆದುಕೊಂಡು ಗುಟ್ಟಾಗಿ ಹೊರಟುಬಿಟ್ಟರು. ಅಲ್ಲಿ ಚೀನಾದ ಸೈನಿಕರು ಎಲ್ಲರನ್ನೂ ಹಿಡಿದು ಕಾಲಿಗೆ ಕೋಳ ಹಾಕಿದರು. ಗುಂಡು ಹೊಡೆಯಲು ಸಾಲಾಗಿ ನಿಲ್ಲಿಸಿಯೂ ಆಗಿತ್ತು. ಕೊನೆ ಗಳಿಗೆಯಲ್ಲಿ ಆಜ್ಞೆ ಬದಲಾಯಿತು, ಜಪಾನಿನ ಅಧಿಕಾರಿಗಳು ಬಂದು ಬಿಡಿಸಿದರು. ಕೋಳ ಹಾಕಿಸಿಕೊಂಡು ನಿಂತಿರುವ ಅವರ ಫೋಟೋ ಈಗಲೂ ಇದೆ. ಹೋಗಿದ್ದು ಬುದ್ಧಿವಂತಿಕೆಯ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ. ಶಾಂತಿಯ ರಾಜ್ಯ ಕಟ್ಟುತ್ತೇನೆ ಅಂತ ಬೇರೆಯವರ ದೇಶಕ್ಕೆ ಗುಟ್ಟಾಗಿ ಯಾಕೆ ಹೋಗಬೇಕು? ಆದರೆ ಸಾವನ್ನು ಅಷ್ಟು ಹತ್ತಿರದಿಂದ ನೋಡಿ ಬಂದ ಮೇಲೆ ಅವರು ಮೊದಲಿನ ಹಾಗೆ ಇರಲಿಲ್ಲವಂತೆ.

ಮುಂದಿನ ವರ್ಷ, 1925ರಲ್ಲಿ, ನೌಕಾಸೈನ್ಯದ ಒಬ್ಬ ಅಧಿಕಾರಿ ಬಂದರು. ಕತ್ತಿವರಸೆಯಲ್ಲಿ ಪಳಗಿದವರು. ಮಾತಿಗೆ ಮಾತು ಬೆಳೆದು ಅಧಿಕಾರಿ ಮರದ ಕತ್ತಿ ಹಿಡಿದು ಹೊಡೆಯಲು ಬಂದರು. ಉಯೆಶಿಬಾ ಕೈಯಲ್ಲಿ ಏನೂ ಇಲ್ಲ. ಅವರು ತಿರುಗಿ ಹೊಡೆಯಲಿಲ್ಲ. ಪ್ರತಿ ಸಲವೂ ಸ್ವಲ್ಪ ಸರಿದು ನಿಲ್ಲುತ್ತಿದ್ದರು ಅಷ್ಟೇ. ಬೀಸಿ ಬೀಸಿ ಅಧಿಕಾರಿಗೇ ಸುಸ್ತಾಗಿ ಕೂತುಬಿಟ್ಟರು. ಆಮೇಲೆ ಉಯೆಶಿಬಾ ತೋಟದ ಬಾವಿಯ ಹತ್ತಿರ ಮುಖ ತೊಳೆಯಲು ಹೋದರು. ಆಗ ನೆಲ ನಡುಗಿದಂತಾಗಿ, ಮೈಯೆಲ್ಲ ಚಿನ್ನದ ಬೆಳಕು ತುಂಬಿದಂತಾಯಿತು ಎಂದು ಅವರು ಮುಂದೆ ಹೇಳಿಕೊಂಡರು. ಎದುರಾಳಿಯನ್ನು ಸೋಲಿಸುವುದಲ್ಲ, ಅವನಿಗೂ ಪೆಟ್ಟಾಗದಂತೆ ಜಗಳವನ್ನೇ ನಿಲ್ಲಿಸುವುದು ನಿಜವಾದ ವಿದ್ಯೆ ಎಂದು ಅವರಿಗೆ ಆವತ್ತು ಹೊಳೆಯಿತಂತೆ. ಚಿನ್ನದ ಬೆಳಕಿನ ಮಾತು ಅವರವರ ನಂಬಿಕೆಗೆ ಬಿಟ್ಟಿದ್ದು. ಅಧಿಕಾರಿ ಸುಸ್ತಾಗಿ ಕೂತದ್ದು ಮಾತ್ರ ನನಗೆ ಬಹಳ ಹಿಡಿಸಿತು.

ಇದು ಹೇಗೆ ಸಾಧ್ಯ ಅಂತ ನೀವು ಕೇಳಬಹುದು. ಒಂದು ಉದಾಹರಣೆ ಕೊಡುತ್ತೇನೆ. ಬಾಗಿಲು ಗಟ್ಟಿಯಾಗಿ ಹಾಕಿದೆ ಅಂತ ತಿಳಿದು ನೀವು ಭುಜ ಕೊಟ್ಟು ಜೋರಾಗಿ ತಳ್ಳುತ್ತೀರಿ. ಅದೇ ಹೊತ್ತಿಗೆ ಒಳಗಿನವರು ಬಾಗಿಲು ತೆಗೆದರೆ ಏನಾಗುತ್ತೆ? ನಿಮ್ಮ ಬಲಕ್ಕೆ ನೀವೇ ಮುಗ್ಗರಿಸಿ ಒಳಗೆ ಬೀಳುತ್ತೀರಿ. ಐಕಿಡೊದಲ್ಲೂ ಹಾಗೇ. ತಳ್ಳುವವನಿಗೆ ಎದುರು ತಳ್ಳಬಾರದು. ದಾರಿ ಬಿಟ್ಟು ಪಕ್ಕಕ್ಕೆ ತಿರುಗಿ, ಅವನ ಬಲ ಹೋಗುವ ಕಡೆಗೇ ಅವನನ್ನು ಕರೆದುಕೊಂಡು ಹೋಗಬೇಕು. ಮಣಿಕಟ್ಟು, ಮೊಣಕೈ, ಭುಜ ಈ ಕೀಲುಗಳನ್ನು ತಿರುಗಿಸಿ ನೆಲಕ್ಕೆ ಕೂರಿಸಬೇಕು. ಇಬ್ಬಿಬ್ಬರು ಜೋಡಿಯಾಗಿ ಅಭ್ಯಾಸ. ಒಮ್ಮೆ ನೀನು ಬೀಳಿಸು, ಒಮ್ಮೆ ನಾನು ಬೀಳಿಸುತ್ತೇನೆ. ಅದಕ್ಕೇ ಅಲ್ಲಿ ಮೊದಲನೇ ಪಾಠ ಹೊಡೆಯುವುದಲ್ಲ, ಬೀಳುವುದು! ಚೆಂಡಿನ ಹಾಗೆ ಉರುಳಿ ಪೆಟ್ಟಾಗದೆ ಎದ್ದು ನಿಲ್ಲುವುದನ್ನು ಕಲಿತ ಮೇಲೆ ಉಳಿದದ್ದು.

ಅವರ ಹೆಸರು ಟೋಕಿಯೊವರೆಗೂ ಹೋಯಿತು. 1927ರಲ್ಲಿ ಅಲ್ಲಿಗೇ ಹೋಗಿ ನೆಲೆಸಿದರು. 1930ರಲ್ಲಿ ಜೂಡೊ ಹುಟ್ಟುಹಾಕಿದ ಕಾನೊ ಜಿಗೊರೊ ಅವರೇ ಬಂದು ನೋಡಿ ಮೆಚ್ಚಿ, ತಮ್ಮ ಶಿಷ್ಯರನ್ನು ಇವರ ಹತ್ತಿರ ಕಲಿಯಲು ಕಳಿಸಿದರು. ತಾನೇ ದೊಡ್ಡ ಗುರುವಾಗಿದ್ದೂ ಹಾಗೆ ಮಾಡಿದ್ದು ದೊಡ್ಡತನ. 1931ರಲ್ಲಿ ವಕಾಮಾತ್ಸು ಬಡಾವಣೆಯಲ್ಲಿ ಸ್ವಂತ ಶಾಲೆ ಎದ್ದಿತು. ಜಪಾನಿನಲ್ಲಿ ಇಂಥ ಶಾಲೆಗೆ ಡೋಜೊ ಅಂತಾರೆ. 80 ಹುಲ್ಲು ಚಾಪೆ ಹಾಸುವಷ್ಟು ದೊಡ್ಡದು. ಕಲಿಕೆ ಎಷ್ಟು ಕಠಿಣ ಅಂದರೆ ಜನ ಅದಕ್ಕೆ ನರಕದ ಡೋಜೊ ಎಂದು ಹೆಸರಿಟ್ಟಿದ್ದರು.

ಉಯೆಶಿಬಾ ಪಾಠ ಮಾಡುವ ರೀತಿ ನಮ್ಮ ಮೇಷ್ಟ್ರುಗಳ ರೀತಿ ಅಲ್ಲ. ಬೋರ್ಡಿನ ಮೇಲೆ ಬರೆದು ಬಿಡಿಸಿ ಹೇಳುವುದಿಲ್ಲ. ಒಬ್ಬ ಶಿಷ್ಯನನ್ನು ಕರೆದು ಬೀಳಿಸಿ ತೋರಿಸುತ್ತಿದ್ದರು, ಮುಗೀತು. ಕಣ್ಣು ಬಿಟ್ಟು ನೋಡಿದವನಿಗೆ ಬಂತು. ಮನೆಯಲ್ಲೇ ಇದ್ದು ಕಲಿಯುವವರು ಗುಡಿಸಿ ಒರೆಸಬೇಕು, ಗುರುಗಳು ಊರಿಗೆ ಹೊರಟರೆ ಗಂಟು ಹೊತ್ತು ಹಿಂದೆ ನಡೆಯಬೇಕು. ಆದರೂ ಹುಡುಗರು ಬಿಟ್ಟು ಹೋಗಲಿಲ್ಲ. ಶಿಯೊದಾ ಗೊಜೊ ಎಂಬ ಹುಡುಗನ ಕಥೆ ಕೇಳಿ. 1932ರಲ್ಲಿ ಬಂದ. ಜೂಡೊದಲ್ಲಿ ಆಗಲೇ ಪರಿಣಿತ, ಜಂಭವೂ ಇತ್ತು. ಈ ಮುದುಕರು ಸುಳ್ಳೇ ಬೀಳಿಸುತ್ತಾರೆ, ಶಿಷ್ಯರು ಸುಳ್ಳೇ ಬೀಳುತ್ತಾರೆ ಅಂತ ಅವನ ಅನುಮಾನ. ಉಯೆಶಿಬಾ ಬಾ ಎಂದು ಕರೆದರು. ಹೋಗಿ ನೇರ ಒದ್ದ. ಒದ್ದದ್ದು ಗೊತ್ತು, ಮರುಕ್ಷಣ ತಾನೇ ಹಾರಿ ಬಿದ್ದಿದ್ದ. ಅವತ್ತೇ ಶಿಷ್ಯನಾದ. ಮುಂದೆ 1955ರಲ್ಲಿ ತನ್ನದೇ ದೊಡ್ಡ ಶಾಲೆ ತೆರೆದ. ಅವನ ಎತ್ತರವೂ ಗುರುವಿನಷ್ಟೇ!

ಹುಡುಗಿಯರೂ ಇದ್ದರು. ಕುನಿಗೊಶಿ ತಾಕಾಕೊ ಎಂಬಾಕೆ ಚಿತ್ರಕಲೆ ಓದುತ್ತಿದ್ದ ವಿದ್ಯಾರ್ಥಿನಿ. ನರಕದ ಡೋಜೊದಲ್ಲಿ ಗಂಡಸರ ಜೊತೆಯೇ ಅಭ್ಯಾಸ ಮಾಡುತ್ತಿದ್ದಳು. 1933ರಲ್ಲಿ ಗುರುಗಳ ವಿದ್ಯೆಯ ಪುಸ್ತಕ ಬಂದಾಗ ಅದಕ್ಕೆ ಚಿತ್ರ ಬರೆದವಳು ಇವಳೇ. ಹುಡುಗಿಯರು ಕಬಡ್ಡಿ ಆಡಬಾರದು ಅನ್ನುವವರು ಈ ಪ್ಯಾರಾವನ್ನು ಎರಡು ಸಲ ಓದಿ.

ಇನ್ನು ಗುರು ಶಿಷ್ಯರ ವಿಷಯ. ಉಯೆಶಿಬಾ ಒಸಾಕಾ ನಗರದ ಅಸಾಹಿ ಪತ್ರಿಕೆಯ ಕಚೇರಿಯಲ್ಲಿ ಕೆಲವು ವರ್ಷ ಕಲಿಸುತ್ತಿದ್ದರು. 1936ರಲ್ಲಿ ಇದ್ದಕ್ಕಿದ್ದ ಹಾಗೆ ತಾಕೆದಾ ಅಲ್ಲಿಗೆ ಬಂದು, ಉಯೆಶಿಬಾನ ಗುರು ತಾನು, ಇನ್ನು ಮುಂದೆ ತಾನೇ ಕಲಿಸುತ್ತೇನೆ ಎಂದುಬಿಟ್ಟರು. ಉಯೆಶಿಬಾಗೆ ಸುದ್ದಿ ತಿಳಿಯಿತು. ಅವರು ಗುರುವನ್ನು ನೋಡಲೇ ಇಲ್ಲ. ಯಾರಿಗೂ ಹೇಳದೆ ಒಸಾಕಾ ಬಿಟ್ಟು ಹೊರಟು ಹೋದರು. ಬೆನ್ನು ಉಜ್ಜಿದ ಶಿಷ್ಯ, ಮನೆಯನ್ನೇ ಕೊಟ್ಟ ಶಿಷ್ಯ ಯಾಕೆ ಹಾಗೆ ಮಾಡಿದರು? ಗುರುವಿನ ದುಡ್ಡಿನಾಸೆ ಸಾಕಾಗಿತ್ತು ಅಂತ ಕೆಲವರು, ಶಿಷ್ಯನಿಗೆ ತನ್ನದೇ ದಾರಿ ಬೇಕಿತ್ತು ಅಂತ ಕೆಲವರು ಹೇಳುತ್ತಾರೆ. ನನಗೆ ಇಬ್ಬರ ಮೇಲೂ ಬೇಜಾರಾಯಿತು. ಜಗಳ ಆಡದೆ ಸರಿದು ನಿಲ್ಲುವುದು ಐಕಿಡೊ ಇರಬಹುದು. ಆದರೂ ಒಂದು ನಮಸ್ಕಾರ ಮಾಡಿ ಹೋಗಬಹುದಿತ್ತು. ತಾಕೆದಾ 1943ರಲ್ಲಿ ತೀರಿಕೊಂಡರು.

ಆ ಹೊತ್ತಿಗೆ ಮಹಾಯುದ್ಧ ನಡೆದಿತ್ತು. ಉಯೆಶಿಬಾ ಸೈನ್ಯದ ಶಾಲೆಗಳಲ್ಲೂ ಕಲಿಸುತ್ತಿದ್ದರು. ಪೆಟ್ಟು ಮಾಡಬಾರದು ಎನ್ನುವವರು ಯುದ್ಧಕ್ಕೆ ಹೋಗುವವರಿಗೆ ಯಾಕೆ ಕಲಿಸಿದರು ಎಂಬುದು ನನಗೆ ಅರ್ಥವಾಗದ ಮಾತು. ಡೋಜೊದ ಹುಡುಗರನ್ನೆಲ್ಲ ಯುದ್ಧಕ್ಕೆ ಕರೆದುಕೊಂಡು ಹೋದರು. ಎಷ್ಟೋ ಜನ ವಾಪಸ್ ಬರಲಿಲ್ಲ. 1942ರಲ್ಲಿ ಉಯೆಶಿಬಾ ಎಲ್ಲ ಹುದ್ದೆ ಬಿಟ್ಟು, ಹೆಂಡತಿಯ ಜೊತೆ ಇವಾಮಾ ಎಂಬ ಹಳ್ಳಿಗೆ ಹೋಗಿಬಿಟ್ಟರು. ಐಕಿಡೊ ಎಂಬ ಹೆಸರು ಅಧಿಕೃತವಾದದ್ದೂ ಅದೇ ವರ್ಷ. ಟೋಕಿಯೊದ ಡೋಜೊ ಮಗ ಕಿಶ್ಶೊಮಾರು ಪಾಲಿಗೆ ಬಂತು. ಅವನು ಆಗ ಕಾಲೇಜು ಹುಡುಗ. ಬಾಂಬು ಬಿದ್ದು ಸುತ್ತಮುತ್ತ ಬೆಂಕಿ ಹತ್ತಿದಾಗ ನೀರು ಹೊತ್ತು ಡೋಜೊವನ್ನು ಉಳಿಸಿದ. ಯುದ್ಧ ಮುಗಿದ ಮೇಲೆ ಮನೆ ಕಳೆದುಕೊಂಡ ಕುಟುಂಬಗಳು ಅದರೊಳಗೇ ಸಂಸಾರ ಮಾಡಿಕೊಂಡಿದ್ದವು.

ಇವಾಮಾದಲ್ಲಿ ಉಯೆಶಿಬಾ ಹೊಲ ಮಾಡಿದರು, ಒಂದು ಸಣ್ಣ ಗುಡಿ ಕಟ್ಟಿಸಿದರು. ಸೋತ ಜಪಾನಿನಲ್ಲಿ ಯುದ್ಧವಿದ್ಯೆ ಕಲಿಸಕೂಡದು ಅಂತ ಅಮೆರಿಕದವರು ನಿಷೇಧ ಹಾಕಿದ್ದರು. ತಿನ್ನಲೂ ಸರಿಯಾಗಿ ಇಲ್ಲದ ಕಾಲ. 1946ರಲ್ಲಿ ಪಕ್ಕದ ಹಳ್ಳಿಯ ಸೈತೊ ಮೊರಿಹಿರೊ ಎಂಬ 18 ವರ್ಷದ ಹುಡುಗ ಬಂದ. ರೈಲ್ವೆಯಲ್ಲಿ ಕೆಲಸ. ಒಂದು ಹಗಲು ರಾತ್ರಿ ಡ್ಯೂಟಿ, ಮಾರನೇ ದಿನ ರಜ. ರಜದ ದಿನವೆಲ್ಲ ಗುರುವಿನ ಹೊಲದಲ್ಲಿ. ಸೌದೆ ಒಡೆದು, ಗದ್ದೆ ಕೆಲಸ ಮಾಡಿ, ಮಧ್ಯೆ ಮಧ್ಯೆ ಐಕಿಡೊ. ಉಳಿದ ಶಿಷ್ಯರು ಹೊಟ್ಟೆಪಾಡಿಗೆ ಹೊರಟುಹೋದರು, ಸೈತೊ ಉಳಿದ. ಎಷ್ಟೋ ಸಲ ಅಲ್ಲಿ ಗುರು ಒಬ್ಬರು, ಶಿಷ್ಯ ಒಬ್ಬ. ನರಕದ ಡೋಜೊದಲ್ಲಿ ಒಮ್ಮೆ ತೋರಿಸಿ ಮುಗಿಸುತ್ತಿದ್ದ ಗುರು ಇಲ್ಲಿ ಕೋಲು, ಕತ್ತಿ, ಬರಿಗೈ ಎಲ್ಲವನ್ನೂ ಹಂತ ಹಂತವಾಗಿ ಹೇಳಿಕೊಟ್ಟರು. ಮುಂದೆ ಸೈತೊಗೆ ಮದುವೆಯಾಯಿತು. ಆ ಹೆಂಡತಿಯೂ ಮುದುಕರಿಬ್ಬರ ಸೇವೆ ಮಾಡಿದರು. ಹಿಂದೆ ಹೊಕ್ಕೈಡೊದಲ್ಲಿ ಉಯೆಶಿಬಾ ಮಾಡಿದ್ದನ್ನೇ ಈಗ ಅವರಿಗೆ ಇನ್ನೊಬ್ಬ ಮಾಡುತ್ತಿದ್ದ. ಆದರೆ ಈ ಶಿಷ್ಯ ಕೊನೆತನಕ ಬಿಟ್ಟು ಹೋಗಲಿಲ್ಲ.

1948ರಲ್ಲಿ ಸರ್ಕಾರ ಐಕಿಕಾಯ್ ಎಂಬ ಸಂಸ್ಥೆಗೆ ಒಪ್ಪಿಗೆ ಕೊಟ್ಟಿತು. ಕಿಶ್ಶೊಮಾರು ಕಂಪನಿಯೊಂದರಲ್ಲಿ ದುಡಿಯುತ್ತ ಡೋಜೊ ನಡೆಸಿದರು. ನಿಧಾನಕ್ಕೆ ಜನ ಬಂದರು. ಫ್ರಾನ್ಸ್, ಅಮೆರಿಕದಿಂದಲೂ ಬಂದರು. 1961ರಲ್ಲಿ 77 ವರ್ಷದ ಉಯೆಶಿಬಾ ತಾವೇ ಹವಾಯಿ ದ್ವೀಪಕ್ಕೆ ಹೋಗಿ ಕಲಿಸಿ ಬಂದರು. ಬಿಳೀ ಗಡ್ಡ, ಅಗಲದ ಹಕಾಮ ಎಂಬ ಬಟ್ಟೆ, ಸುತ್ತ ಧಾಂಡಿಗರು. ಅವರನ್ನು ಎಲ್ಲರೂ ಓಸೆನ್ಸೆ, ಅಂದರೆ ಮಹಾಗುರು ಎನ್ನುತ್ತಿದ್ದರು. ಪಂದ್ಯ ಇಟ್ಟರೆ ಇನ್ನೂ ಬೇಗ ಹರಡುತ್ತದೆ ಅಂತ ಕೆಲವರು ಹೇಳಿದರೂ ಅವರು ಒಪ್ಪಲಿಲ್ಲ. ಅವರ ಶಿಷ್ಯರಲ್ಲೇ ಒಬ್ಬರಾದ ತೊಮಿಕಿ ಮಾತ್ರ ಬೇರೆಯಾಗಿ ಪಂದ್ಯದ ಐಕಿಡೊ ಮಾಡಿದರು.

1969ರ ಜನವರಿಯಲ್ಲಿ ಕೊನೆಯ ಸಲ ಜನರ ಮುಂದೆ ವಿದ್ಯೆ ತೋರಿಸಿದರು. ಆಗಲೇ ಪಿತ್ತಜನಕಾಂಗದ ಕ್ಯಾನ್ಸರ್ ಆಗಿತ್ತು. ಅದೇ ವರ್ಷ ಏಪ್ರಿಲ್ 26ರಂದು, ತಮ್ಮ 85ನೇ ವಯಸ್ಸಿನಲ್ಲಿ ತೀರಿಕೊಂಡರು. ಹಿಮದ ಕಾಡಿನಿಂದ ಹಿಡಿದು ಎಲ್ಲಾ ಕಡೆ ಜೊತೆಗಿದ್ದ ಹತ್ಸು ಕೂಡ ಎರಡೇ ತಿಂಗಳಲ್ಲಿ ಹೋದರು. ಕಿಶ್ಶೊಮಾರು 1999ರವರೆಗೆ ಐಕಿಡೊ ಮುನ್ನಡೆಸಿದರು, ಆಮೇಲೆ ಮೊಮ್ಮಗ ಮೊರಿತೆರು. ರೈಲ್ವೆಯ ಸೈತೊ 2002ರಲ್ಲಿ ಸಾಯುವವರೆಗೂ ಇವಾಮಾದಲ್ಲೇ ಇದ್ದು ಡೋಜೊವನ್ನೂ ಗುಡಿಯನ್ನೂ ನೋಡಿಕೊಂಡರು. ಪ್ರತಿ ವರ್ಷ ಏಪ್ರಿಲ್ 29ರಂದು ಆ ಗುಡಿಯಲ್ಲಿ ಹಬ್ಬ ಆಗುತ್ತದೆ, ಬೇರೆ ಬೇರೆ ದೇಶಗಳಿಂದ ಐಕಿಡೊ ಕಲಿಯುವವರು ಬಂದು ಸೇರುತ್ತಾರೆ.

ಸಂಗ್ರಹ: 7ನೇ ತರಗತಿ ವಿದ್ಯಾರ್ಥಿನಿ